ಟ್ಯೂಬ್ ಕಿತ್ತರೆ ವೇಗ ಬರುತ್ತದೆಯೇ?

ಪ್ರಶ್ನೆ: ನಾನು ಮೈಸೂರಿನವನು. ವಯಸ್ಸು ನಲವತ್ತೊಂದು, ತೂಕ 72 ಕೆ.ಜಿ. ಭಾನುವಾರಗಳಲ್ಲಿ ರೋಡ್ ಬೈಕಿನಲ್ಲಿ ನಂಜನಗೂಡು, ಗುಂಡ್ಲುಪೇಟೆ ಕಡೆ ಎಂಬತ್ತು-ನೂರು ಕಿ.ಮೀ. ಹೋಗಿಬರುತ್ತೇನೆ. ಈಗಿರುವುದು 28 ಮಿ.ಮೀ. ಟೈರು, ಒಳಗೆ ಮಾಮೂಲಿ ಟ್ಯೂಬು. ಟ್ಯೂಬ್‌ಲೆಸ್ ಹಾಕಿಸಿಕೊಳ್ಳಿ, ಹತ್ತು ವ್ಯಾಟ್ ಉಳಿಯುತ್ತದೆ, ಪಂಕ್ಚರಿನ ಮಾತೇ ಇಲ್ಲ ಎನ್ನುತ್ತಾರೆ ಅಂಗಡಿಯವರು. ಅದೊಂದು ದೊಡ್ಡ ರಗಳೆ, ಬೇಡ ಎನ್ನುತ್ತಾನೆ ಗೆಳೆಯ. ಯಾರ ಮಾತು ಕೇಳಲಿ? ನನ್ನ ಬಳಿ ಪವರ್ ಮೀಟರ್ ಇಲ್ಲ. ಅದಿಲ್ಲದೆ ನಾನೇ ಪರೀಕ್ಷೆ ಮಾಡಿ ನೋಡುವ ದಾರಿ ಇದೆಯೇ?

ಉತ್ತರ: ಹತ್ತು ವ್ಯಾಟಿನಿಂದಲೇ ಶುರು ಮಾಡೋಣ. ಅಂಗಡಿಯವರ ಮಾತುಗಳಲ್ಲಿ ಕಾಗದ ಪೆನ್ಸಿಲ್ ಹಿಡಿದು ನೋಡಬಹುದಾದದ್ದು ಅದೊಂದೇ.

ನೀವು, ಸೈಕಲ್ಲು, ಎರಡು ಬಾಟಲಿ ನೀರು, ಬೂಟು, ಹೆಲ್ಮೆಟ್ಟು ಎಲ್ಲ ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಉರುಳುವಾಗ ಟೈರು ಒಡ್ಡುವ ತಡೆಗೆ ರೋಲಿಂಗ್ ರೆಸಿಸ್ಟೆನ್ಸ್ ಎನ್ನುತ್ತಾರೆ. ಒಳ್ಳೆಯ ರೋಡ್ ಟೈರಿನಲ್ಲಿ ಅದು ಹೊತ್ತ ಭಾರದ ಸಾವಿರಕ್ಕೆ ನಾಲ್ಕು ಪಾಲು. ಯಾರೋ ನಿಮ್ಮ ಸೀಟಿಗೆ ದಾರ ಕಟ್ಟಿ, 340 ಗ್ರಾಂ ತೂಕದಷ್ಟು ಬಲ ಹಾಕಿ ಸದಾ ಹಿಂದಕ್ಕೆ ಜಗ್ಗುತ್ತಿದ್ದ ಹಾಗೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಆ ಜಗ್ಗಾಟವನ್ನು ಮೀರಿ ಹೋಗಲು ಬೇಕಾಗುವುದು ಸುಮಾರು 28 ವ್ಯಾಟ್. ಅದೇ ವೇಗದಲ್ಲಿ ಗಾಳಿ ಸೀಳಿಕೊಂಡು ಹೋಗಲು ನೂರಕ್ಕೂ ಹೆಚ್ಚು ಬೇಕು. ಎರಡೂ ಟೈರು ಸೇರಿ ತಿನ್ನುವುದೇ 28 ಆಗಿರುವಾಗ, ಬರೀ ಟ್ಯೂಬ್ ಕಿತ್ತು ಅದರಲ್ಲಿ 10 ಉಳಿಸಲು ಹೇಗೆ ಸಾಧ್ಯ?

ಒಂದು ರೀತಿಯಲ್ಲಿ ಸಾಧ್ಯ. ನಿಮ್ಮ ಈಗಿನ ಟೈರು ಸೈಕಲ್ಲಿನ ಜೊತೆಗೇ ಬಂದ ದಪ್ಪ ಚರ್ಮದ ಅಗ್ಗದ ಮಾಲಾಗಿದ್ದರೆ ಅದರ ತಡೆ ಸಾವಿರಕ್ಕೆ ಆರರ ಹತ್ತಿರ ಇರಬಹುದು. ಅದನ್ನು ತೆಗೆದು ಒಳ್ಳೆಯ ಟ್ಯೂಬ್‌ಲೆಸ್ ಟೈರು ಹಾಕಿದಿರಿ ಎನ್ನಿ. ಹತ್ತಲ್ಲ, ಹದಿನಾಲ್ಕು ವ್ಯಾಟ್ ಬೇಕಾದರೂ ಉಳಿದೀತು. ಆದರೆ ಅದನ್ನು ಉಳಿಸಿಕೊಟ್ಟದ್ದು ಹೊಸ ಟೈರು. ಟ್ಯೂಬ್ ಇಲ್ಲದಿರುವುದಕ್ಕೆ ಆ ಹೆಸರು ಸುಮ್ಮನೆ ಸಂದಾಯವಾಗಿದೆ, ಅಷ್ಟೆ. ಹೋಲಿಸುವುದಾದರೆ ಒಂದೇ ದರ್ಜೆಯ ಟೈರನ್ನು ಮೂರು ಬಗೆಯಲ್ಲಿ ಹೋಲಿಸಬೇಕು: ಒಳಗೆ ಮಾಮೂಲಿ ಬ್ಯುಟೈಲ್ ಟ್ಯೂಬ್ ಹಾಕಿ, ಲೇಟೆಕ್ಸ್ ಟ್ಯೂಬ್ ಹಾಕಿ, ಟ್ಯೂಬೇ ಇಲ್ಲದೆ. ಹಾಗೆ ನೋಡಿದಾಗ ಬ್ಯುಟೈಲಿಗೂ ಟ್ಯೂಬ್‌ಲೆಸ್ಸಿಗೂ ಕಾಣುವ ಅಂತರ ಟೈರೊಂದಕ್ಕೆ ಎರಡು ವ್ಯಾಟ್ ಆಸುಪಾಸು. ಲೇಟೆಕ್ಸ್ ಟ್ಯೂಬಿಗೂ ಟ್ಯೂಬ್‌ಲೆಸ್ಸಿಗೂ ಅಂತರ ಇಲ್ಲವೆನ್ನುವಷ್ಟು ಕಡಿಮೆ.

ಎರಡೂ ಚಕ್ರ ಸೇರಿ ನಾಲ್ಕು ವ್ಯಾಟ್ ಉಳಿದರೆ ನಿಮ್ಮ ವೇಗ ಗಂಟೆಗೆ 30ರಿಂದ 30.3 ಕಿ.ಮೀ.ಗೆ ಏರುತ್ತದೆ. ನಂಜನಗೂಡು ಮುಟ್ಟುವಷ್ಟರಲ್ಲಿ ಅರ್ಧ ನಿಮಿಷದ ಉಳಿತಾಯ. ಕಪಿಲಾ ನದಿಯ ಸೇತುವೆ ದಾಟಿ ಎಳನೀರು ಕುಡಿಯಲು ನಿಂತಿರೋ, ಅದೂ ಹೋಯಿತು.

ಟ್ಯೂಬ್ ಏಕೆ ತಡೆ ಒಡ್ಡುತ್ತದೆ ಅನ್ನುವುದಕ್ಕೆ ಮಕ್ಕಳಾಟದ ಚೆಂಡನ್ನು ನೆನೆಸಿಕೊಳ್ಳಿ. ಎದೆಮಟ್ಟದಿಂದ ಬಿಟ್ಟರೆ ಅದು ಎದೆಮಟ್ಟಕ್ಕೆ ವಾಪಸು ಬರುವುದಿಲ್ಲ. ನೆಲಕ್ಕೆ ತಾಗಿ ಚಪ್ಪಟೆಯಾಗಿ ಮತ್ತೆ ಉಬ್ಬುವಾಗ ರಬ್ಬರ್ ಒಂದಿಷ್ಟು ಶಕ್ತಿಯನ್ನು ಕಾವಾಗಿಸಿ ತಾನೇ ಇಟ್ಟುಕೊಳ್ಳುತ್ತದೆ. ಟೈರು ಪ್ರತಿ ಸುತ್ತಿನಲ್ಲೂ ನೆಲಕ್ಕೆ ತಾಗಿದಲ್ಲಿ ಇದೇ ಕೆಲಸ ಮಾಡುತ್ತಿರುತ್ತದೆ. ಒಳಗಿನ ಟ್ಯೂಬೂ ಅದರ ಜೊತೆ ಬಾಗಿ ಬಾಗಿ ಏಳಬೇಕು. ಅದರಲ್ಲೂ ಬ್ಯುಟೈಲ್ ಬಹಳ ಸೋಮಾರಿ ರಬ್ಬರು. ಅದರಲ್ಲೇ ಒಂದು ಚೆಂಡು ಮಾಡಿ ಎಸೆದರೆ ಪುಟಿಯಲು ಮನಸ್ಸಿಲ್ಲದವರ ಹಾಗೆ ಬಿದ್ದುಕೊಳ್ಳುತ್ತದೆ. ಗಾಳಿಯನ್ನು ವಾರಗಟ್ಟಲೆ ಹಿಡಿದಿಡುವುದು ಅದರ ಒಳ್ಳೆಯ ಗುಣ. ಲೇಟೆಕ್ಸ್ ಚೆನ್ನಾಗಿ ಪುಟಿಯುತ್ತದೆ, ಆದರೆ ಬೆಳಿಗ್ಗೆ ಹೊಡೆದ ಗಾಳಿ ಮರುದಿನ ಬೆಳಿಗ್ಗೆಗೆ ಸೊರಗಿರುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲೂ ಗಾಳಿ ತಡೆಯಲು ಒಳಮೈಗೆ ಏನಾದರೊಂದು ಪದರ ಬೇಕು, ಅಂಚು ಬಿಗಿಯಾಗಿರಬೇಕು, ಒಳಗೆ ಮೂವತ್ತು-ನಲವತ್ತು ಮಿ.ಲೀ. ಸೀಲೆಂಟ್ ಕುಲುಕುತ್ತಿರಬೇಕು. ಟ್ಯೂಬಿನ ತೂಕ ಹೋದಲ್ಲಿ ಇವುಗಳ ತೂಕ ಬಂದು ಕೂರುತ್ತದೆ. ತಕ್ಕಡಿಯಲ್ಲಿಟ್ಟರೆ ಎರಡೂ ಹೆಚ್ಚುಕಡಿಮೆ ಸಮ.

ಹಾಗಾದರೆ ರೇಸಿನವರೆಲ್ಲ ಇದರ ಹಿಂದೆ ಬಿದ್ದದ್ದು ಏಕೆ? ಕಾರುಗಳಿಗೆ 1950ರ ದಶಕದಲ್ಲೇ ಬಂದ ಟ್ಯೂಬ್‌ಲೆಸ್, ರೋಡ್ ಸೈಕಲ್ಲಿಗೆ ಹಚಿನ್ಸನ್ ಮತ್ತು ಶಿಮಾನೋ ಕಂಪನಿಗಳ ಮೂಲಕ ಬಂದದ್ದು 2006ರಲ್ಲಿ. ಮೊದಲ ಹತ್ತು ವರ್ಷ ಅದನ್ನು ಕೇಳಿದವರು ಕಡಿಮೆ. ದೊಡ್ಡ ತಂಡಗಳು ರಿಮ್ಮಿಗೆ ಅಂಟಿಸುವ ಟ್ಯುಬ್ಯುಲರ್ ಟೈರು ಬಿಟ್ಟು ಇತ್ತ ವಾಲಿದ್ದು 2020ರ ನಂತರ. 2023ರ ಪ್ಯಾರಿಸ್–ರೂಬೆಯಲ್ಲಿ, ಕಲ್ಲುಹಾಸಿನ ಆ ಕುಖ್ಯಾತ ಹಾದಿಯಲ್ಲಿ, ಮ್ಯಾಥ್ಯೂ ವಾನ್ ಡರ್ ಪೂಲ್ ಗೆದ್ದದ್ದು 32 ಮಿ.ಮೀ. ಟ್ಯೂಬ್‌ಲೆಸ್ ಮೇಲೆ. ಅವರಿಗೆ ಸಿಕ್ಕ ಲಾಭ ಟ್ಯೂಬ್ ತೆಗೆದು ಉಳಿಸುವ ಎರಡು ವ್ಯಾಟಿನದಲ್ಲ. ಗಾಳಿ ಕಡಿಮೆ ಇಟ್ಟುಕೊಂಡು ಓಡಿಸುವ ಧೈರ್ಯ ಸಿಕ್ಕಿತು. ಟ್ಯೂಬ್ ಇದ್ದರೆ, ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದರೆ ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚಿ ಹಾವು ಕಡಿದಂತೆ ಎರಡು ತೂತು ಮಾಡುತ್ತವೆ. ಟ್ಯೂಬೇ ಇಲ್ಲದಿದ್ದರೆ ಕಚ್ಚುವುದೇನನ್ನು? ಅಂದಹಾಗೆ ಅವರ ಹಿಂದೆ ಬಿಡಿ ಚಕ್ರ ಹೊತ್ತ ಕಾರು ಬರುತ್ತಿರುತ್ತದೆ. ನಿಮ್ಮ ಹಿಂದೆ ಬರುವುದು ಗುಂಡ್ಲುಪೇಟೆ ಬಸ್ಸು.

ಟೈರಿನ ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಈ ಗಾಳಿಯ ವಿಷಯದಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಟೈರುಗಳ ವ್ಯಾಟ್ ಪಟ್ಟಿ ನೀವೂ ನೋಡಿರುತ್ತೀರಿ. ಅವನ್ನು ಅಳೆಯುವುದು ದೊಡ್ಡದೊಂದು ಉಕ್ಕಿನ ಡ್ರಮ್ಮಿನ ಮೇಲೆ. ಚಕ್ರವನ್ನು ಡ್ರಮ್ಮಿಗೆ ಒತ್ತಿ ಹಿಡಿದು, ಮೇಲೆ ತೂಕ ಹೇರಿ, ಡ್ರಮ್ಮನ್ನು ತಿರುಗಿಸುತ್ತಾರೆ. ತಿರುಗಿಸಲು ಎಷ್ಟು ವಿದ್ಯುತ್ ಹೆಚ್ಚು ಬೇಕಾಯಿತು ಎಂದು ನೋಡುತ್ತಾರೆ. ಹೆಸರಾಂತ ಒಂದು ಪರೀಕ್ಷೆಯಲ್ಲಿ ಹೇರುವ ತೂಕ 42.5 ಕೆ.ಜಿ., ವೇಗ ಗಂಟೆಗೆ 28.8 ಕಿ.ಮೀ. ನಿಮ್ಮ 85 ಕೆ.ಜಿ.ಯ ಸರಿಯಾಗಿ ಅರ್ಧ, ನೋಡಿ. ಒಂದು ಟೈರನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಇದಕ್ಕಿಂತ ಶಿಸ್ತಿನ ದಾರಿ ಇಲ್ಲ. ಆದರೆ ಡ್ರಮ್ಮಿನ ಮೇಲೆ ಗಾಳಿ ಹೆಚ್ಚಿಸಿದಷ್ಟೂ ತಡೆ ಇಳಿಯುತ್ತಲೇ ಹೋಗುತ್ತದೆ. ಅದನ್ನು ನೋಡಿಯೇ ನಾವೆಲ್ಲ ಎಷ್ಟೋ ವರ್ಷ 23 ಮಿ.ಮೀ. ಟೈರಿಗೆ 120 ಪಿಎಸ್‌ಐ ಹೊಡೆದು, ಕಲ್ಲಿನಂತೆ ಗಟ್ಟಿಯಾದ ಚಕ್ರದ ಮೇಲೆ ಕೂತು, ಬೆನ್ನು ನೋಯುವುದೇ ವೇಗದ ಲಕ್ಷಣ ಎಂದುಕೊಂಡಿದ್ದೆವು.

ಡ್ರಮ್ಮಿನ ಮೇಲೆ ಮನುಷ್ಯ ಕೂತಿರುವುದಿಲ್ಲವಲ್ಲ. ಒರಟು ಡಾಂಬರಿನ ಮೇಲೆ ಗಟ್ಟಿ ಟೈರು ಪ್ರತಿಯೊಂದು ಜಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಕೂದಲೆಳೆಯಷ್ಟು ಮೇಲೆತ್ತಿ ಇಳಿಸುತ್ತದೆ. ಕೆನ್ನೆ ಅದುರುತ್ತದೆ, ತೊಡೆಯ ಮಾಂಸ ನಡುಗುತ್ತದೆ, ಹ್ಯಾಂಡಲ್ ಹಿಡಿದ ಬೆರಳು ಜೋಮು ಹಿಡಿಯುತ್ತದೆ. ಆ ನಡುಕಕ್ಕೆಲ್ಲ ಶಕ್ತಿ ಕೊಟ್ಟದ್ದು ನಿಮ್ಮ ಕಾಲು. ಅಮೆರಿಕದ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯ ಯಾನ್ ಹೈನೆ ಮತ್ತವರ ಜೊತೆಗಾರರು ಹೆದ್ದಾರಿಯಂಚಿನ ಉಬ್ಬುಪಟ್ಟಿಗಳ ಮೇಲೆಯೇ ಸೈಕಲ್ ಓಡಿಸಿ ಈ ನಷ್ಟವನ್ನು ಅಳೆದರು. ರೇಸ್ ಚಕ್ರಗಳ ವಿನ್ಯಾಸದಲ್ಲಿ ಪಳಗಿದ ಜಾಶ್ ಪೋರ್ಟ್ನರ್ ಕಂಡುಕೊಂಡದ್ದೂ ಇದನ್ನೇ. ಗಾಳಿ ಏರಿಸುತ್ತ ಹೋದಂತೆ ರಸ್ತೆಯ ಮೇಲೂ ಮೊದಮೊದಲು ತಡೆ ಇಳಿಯುತ್ತದೆ, ಒಂದು ಹಂತ ದಾಟಿದ್ದೇ ಸರ್ರನೆ ಏರುತ್ತದೆ. ಆ ಹಂತಕ್ಕಿಂತ ಹತ್ತು ಪಿಎಸ್‌ಐ ಕಡಿಮೆ ಇದ್ದರೆ ಆಗುವ ನಷ್ಟ ಅಲ್ಪ. ಹತ್ತು ಹೆಚ್ಚಾದರೆ ನಷ್ಟ ದೊಡ್ಡದು. ರಸ್ತೆ ಒರಟಾದಷ್ಟೂ ಆ ಹಂತ ಕೆಳಗೆ ಇಳಿಯುತ್ತದೆ. ಡ್ರಮ್ಮಿನ ಪಟ್ಟಿ ಹಿಡಿದು ಟೈರು ಆರಿಸಿ, ತಪ್ಪಿಲ್ಲ. ಅದನ್ನೇ ಹಿಡಿದು ಗಾಳಿ ಹೊಡೆಯಬೇಡಿ.

ನಿಮ್ಮ ತೂಕಕ್ಕೆ, 28 ಮಿ.ಮೀ. ಟೈರಿಗೆ, ಹಿಂದೆ 70, ಮುಂದೆ 65 ಪಿಎಸ್‌ಐನಿಂದ ಶುರು ಮಾಡಬಹುದು. ಈಗ ಎಷ್ಟು ಹೊಡೆಯುತ್ತಿದ್ದೀರಿ ಎಂದು ಬರೆದಿಲ್ಲ. ತೊಂಬತ್ತೋ ನೂರೋ ಇರಬೇಕು ಎಂದು ನನ್ನ ಗುಮಾನಿ. ಅಗಲ ಹೆಚ್ಚಿದಂತೆ ಗಾಳಿ ಇಳಿಸಲೇಬೇಕು. ಒಂದೇ ಒತ್ತಡದಲ್ಲಿ ದಪ್ಪ ಟೈರಿನ ಗೋಡೆ ಸಣ್ಣ ಟೈರಿನದಕ್ಕಿಂತ ಹೆಚ್ಚು ಬಿಗಿದಿರುತ್ತದೆ. ಟೈರಿನ ಮೇಲೆ ಬರೆದ ಅಗಲವನ್ನೂ ನಂಬಬೇಡಿ. ಅಗಲವಾದ ರಿಮ್ಮಿಗೆ ಹಾಕಿದ 28 ಒಂದು ದಿನ ಕಳೆದ ಮೇಲೆ ಹಿಗ್ಗಿ 30 ಆಗಿರಬಹುದು. ವರ್ನಿಯರ್ ಇದ್ದರೆ ಅಳೆದುಬಿಡಿ.

ಇನ್ನು ಪವರ್ ಮೀಟರ್ ಇಲ್ಲದ ಪರೀಕ್ಷೆ. ಒಂದು ಸೀಮೆಸುಣ್ಣ, ಒಂದು ಅಳತೆಪಟ್ಟಿ, ಗಾಳಿ ಅಳೆಯುವ ಮುಳ್ಳಿರುವ ಪಂಪು, ನಸುಕಿನಲ್ಲೇ ಏಳುವ ಮನಸ್ಸು ಇದ್ದರೆ ಸಾಕು. ವಾಹನ ಓಡಾಡದ ಬಡಾವಣೆಯಲ್ಲಿ, ಸುಮಾರು ಒಂದು ಮೀಟರ್ ಎತ್ತರದಿಂದ ಇಳಿದು ನಂತರ ಮಟ್ಟಸವಾಗಿ ಇನ್ನೂರು ಮೀಟರಿಗೂ ಹೆಚ್ಚು ಸಾಗುವ ರಸ್ತೆಯೊಂದನ್ನು ಹುಡುಕಿ. ಮೇಲೊಂದು ಗೆರೆ ಎಳೆಯಿರಿ. ಮುಂದಿನ ಚಕ್ರವನ್ನು ಗೆರೆಗೆ ತಾಗಿಸಿ, ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ತಳ್ಳದೆ, ತುಳಿಯದೆ ಬ್ರೇಕ್ ಬಿಟ್ಟು ಉರುಳಿ. ಬ್ಯಾಲೆನ್ಸ್ ತಪ್ಪುವ ತನಕ ಉರುಳಿ ನಿಂತ ಜಾಗದಲ್ಲಿ ಗುರುತು ಹಾಕಿ. ನಿಮ್ಮ ಲೆಕ್ಕದಲ್ಲಿ ಅದು ನೂರೈವತ್ತು-ನೂರೆಪ್ಪತ್ತು ಮೀಟರ್ ಆಚೆ ಬಿದ್ದೀತು. ಟೈರಿನ ತಡೆ ಶೇಕಡಾ ಹತ್ತು ಕಡಿಮೆಯಾದರೆ ಗುರುತು ಹತ್ತು-ಹನ್ನೆರಡು ಮೀಟರ್ ಮುಂದಕ್ಕೆ ಹೋಗುತ್ತದೆ. ಅಂದರೆ ಬರೀ ಕಣ್ಣಿಗೆ ಕಾಣುವಷ್ಟು. ವೇಗ ಕಡಿಮೆ ಇರುವುದರಿಂದ ಗಾಳಿಯ ಕಾಟ ಕಡಿಮೆ. ಪೂರ್ತಿ ಇಲ್ಲವೆಂದಲ್ಲ. ಬೇವಿನ ಎಲೆ ಅಲ್ಲಾಡುವಷ್ಟು ಗಾಳಿ ಬೀಸಿದರೂ ಆವತ್ತಿನ ಲೆಕ್ಕ ಕೈಬಿಡಿ.

ಪ್ರತಿ ಬಾರಿಯೂ ಒಂದೇ ಅಂಗಿ, ಒಂದೇ ಭಂಗಿ, ಬಾಟಲಿಯಲ್ಲಿ ಅಷ್ಟೇ ನೀರು. ಮೊದಲು ಈಗಿನ ಟ್ಯೂಬಿನಲ್ಲೇ, 95 ಪಿಎಸ್‌ಐ ಇಟ್ಟು ಮೂರು ಸಲ, 70ಕ್ಕೆ ಇಳಿಸಿ ಮೂರು ಸಲ, ಮತ್ತೆ 70ರಲ್ಲೇ ಮೂರು ಸಲ, ಕೊನೆಗೆ 95ಕ್ಕೆ ಏರಿಸಿ ಮೂರು ಸಲ. ಹೀಗೆ ಹೋಗಿ ಹಾಗೇ ಹಿಂದಕ್ಕೆ ಬರುವುದಕ್ಕೆ ಕಾರಣ ಇದೆ. ಬಿಸಿಲೇರಿದಂತೆ ರಬ್ಬರ್ ಮೆತ್ತಗಾಗಿ ತಡೆ ತಾನಾಗಿಯೇ ಇಳಿಯುತ್ತದೆ, ಒಂದು ಡಿಗ್ರಿಗೆ ಹೆಚ್ಚುಕಡಿಮೆ ಶೇಕಡಾ ಒಂದರಂತೆ. ಆರು ಗಂಟೆಗೆ ಹಳೆ ಟೈರು, ಹತ್ತು ಗಂಟೆಗೆ ಹೊಸ ಟೈರು ಪರೀಕ್ಷಿಸಿದವರಿಗೆ ಹೊಸದೇ ಗೆದ್ದಂತೆ ಕಾಣುವುದು ಖಂಡಿತ. ಗೆದ್ದದ್ದು ಸೂರ್ಯ. ಈ ಪರೀಕ್ಷೆಯನ್ನು ನುಣುಪಾದ ರಸ್ತೆಯಲ್ಲೊಮ್ಮೆ, ಜಲ್ಲಿ ಎದ್ದ ರಸ್ತೆಯಲ್ಲೊಮ್ಮೆ ಮಾಡಿದರೆ ಮೇಲೆ ಹೇಳಿದ ಏರುಪೇರು ನಿಮಗೇ ಗೊತ್ತಾಗುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಒಂದು ಕಾಸೂ ಖರ್ಚು ಮಾಡುವ ಮುಂಚೆ ಇದನ್ನು ಮಾಡಿ. ಎಷ್ಟೋ ಜನ ಟ್ಯೂಬ್‌ಲೆಸ್ಸಿನ ಗುಣ ಎಂದು ಹೊಗಳುವುದು, ಆ ನೆಪದಲ್ಲಿ ಅವರು ಇಳಿಸಿದ ಗಾಳಿಯ ಗುಣವನ್ನು.

ಪಂಕ್ಚರಿಗೆ ಬರುತ್ತೇನೆ. ಗುಂಡ್ಲುಪೇಟೆ ರಸ್ತೆಯಲ್ಲಿ ನಿಮಗೆ ಎದುರಾಗುವ ವೈರಿಗಳು ಎರಡು. ಒಡೆದ ಲಾರಿ ಟೈರಿನಿಂದ ಉದುರಿ ರಸ್ತೆಯಂಚಿನ ಧೂಳಿನಲ್ಲಿ ಅಡಗಿರುವ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ಒಂದು. ಹೇಗೆ ಬಿದ್ದರೂ ಮೊನೆ ಮೇಲಕ್ಕೇ ಮಾಡಿಕೊಂಡಿರುವ ನೆಗ್ಗಿಲ ಮುಳ್ಳು ಇನ್ನೊಂದು. ಇಂಥ ಸಣ್ಣ ತೂತುಗಳಿಗೆ ಸೀಲೆಂಟ್ ನಿಜಕ್ಕೂ ಕೆಲಸ ಮಾಡುತ್ತದೆ. ಬಹಳಷ್ಟು ಸೀಲೆಂಟುಗಳ ಮೂಲವಸ್ತು ರಬ್ಬರ್ ಹಾಲು. ಸುಳ್ಯ, ಬೆಳ್ತಂಗಡಿಯ ರಬ್ಬರ್ ತೋಟದವರಿಗೆ ಅದರ ಸ್ವಭಾವ ಹೇಳಿಕೊಡಬೇಕಾಗಿಲ್ಲ. ಅಮೋನಿಯಾ ಬೆರೆಸಿದರೆ ದ್ರವವಾಗಿಯೇ ಉಳಿಯುತ್ತದೆ, ಆಸಿಡ್ ಬಿದ್ದರೆ ಹೆಪ್ಪುಗಟ್ಟುತ್ತದೆ. ಟೈರಿನೊಳಗೆ ಹಾಲಾಗಿದ್ದದ್ದು ತೂತಿನಿಂದ ಹೊರಗೆ ಚಿಮ್ಮುವಾಗ ನಾರು, ಪುಡಿಗಳೊಂದಿಗೆ ಅಲ್ಲೇ ಹೆಪ್ಪಾಗಿ ಬೆಣೆಯಂತೆ ಕೂರುತ್ತದೆ. ಕೆಲವರು ದಾರಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಗಾಳಿ ತುಂಬುತ್ತಾರೆ. ಅದು ಒಳಗಿನ ಹಾಲನ್ನೂ ಒಡೆಯಿಸಬಲ್ಲದು.

ಆದರೆ ಒತ್ತಡ ಹೆಚ್ಚಿದ್ದರೆ ಬೆಣೆ ನಿಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ಬೇಗೂರಿನ ಬಳಿ. ಆಗ ಟ್ಯೂಬ್‌ಲೆಸ್ ಹೊಸತು, ಹಳೇ ಚಾಳಿಯಂತೆ 90 ಪಿಎಸ್‌ಐ ತುಂಬಿದ್ದೆ. ಹಿಂದಿನ ಚಕ್ರದಿಂದ ಬೆನ್ನಿಗೆ ತಣ್ಣಗೆ ಏನೋ ಸಿಡಿಯಿತು. ಮಳೆ ಹನಿಯೇ ಎಂದು ಆಕಾಶ ನೋಡಿದೆ, ಮೋಡವಿರಲಿಲ್ಲ. ಇಳಿದು ನೋಡಿದರೆ ಟೈರಿನಿಂದ ಬಿಳಿ ಕಾರಂಜಿ. ಚಡ್ಡಿ, ಬೂಟು, ಸೀಟು ಎಲ್ಲ ಬಿಳಿ. ತಳ್ಳಿಕೊಂಡು ಹೋಗಿ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯಾತ ಒಂದು ಗಳಿಗೆ ನೋಡಿ, "ಇದೇನ್ ಸಾ, ಸೈಕಲ್ಗೆ ಹಾಲು ಕುಡ್ಸಿದೀರಾ?" ಎಂದ. ಸ್ಕೂಟರ್ ಟೈರಿಗೆ ಹಾಕುವ ಸ್ಟ್ರಿಪ್ ಕೈಗೆತ್ತಿಕೊಂಡು, ನನ್ನ ಟೈರಿನ ಗಾತ್ರ ನೋಡಿ ಕೆಳಗಿಟ್ಟ. ಆಮೇಲೆ ತೂತಿನ ಮೇಲೆ ಹೆಬ್ಬೆರಳು ಒತ್ತಿ, ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ, "ಗಾಳಿ ಜಾಸ್ತಿ ಆಗದೆ ಸಾ, ವಸಿ ಬುಡಿ" ಎಂದ. ಬಿಟ್ಟೆ. ಅರ್ಧಕ್ಕಿಂತ ಹೆಚ್ಚು ಗಾಳಿ ಹೋದ ಮೇಲೆ ಹಾಲು ನಿಂತಿತು. ಉಳಿದ ಗಾಳಿಯಲ್ಲೇ ಮೆಲ್ಲಗೆ ಮೈಸೂರು ಸೇರಿದೆ. ಆತ ಕಾಸು ತೆಗೆದುಕೊಳ್ಳಲಿಲ್ಲ, ಸೀಲೆಂಟ್ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದುಕೊಂಡ.

ನಾಲ್ಕೈದು ಮಿ.ಮೀ. ಮೀರಿದ ಸೀಳಿಗೆ ಸೀಲೆಂಟ್ ಸಾಲದು. ಸೈಕಲ್ಲಿಗೆಂದೇ ಮಾಡಿದ ಸಣ್ಣ ಬತ್ತಿ ತುರುಕಬೇಕು. ಅದೂ ಸಾಲದಿದ್ದರೆ ಟ್ಯೂಬೇ ಗತಿ. ಆದ್ದರಿಂದ ಟ್ಯೂಬ್‌ಲೆಸ್ ಸವಾರರ ಚೀಲದಲ್ಲೂ ಒಂದು ಟ್ಯೂಬ್ ಇದ್ದೇ ಇರುತ್ತದೆ. ನಿಮ್ಮ ಗೆಳೆಯ ಹೇಳುವ ರಗಳೆ ಇಲ್ಲಿಂದ ಶುರು. ರಿಮ್ಮಿನ ಒಳಪಟ್ಟಿ ಒಂದೆಡೆ ಸುಕ್ಕಾದರೂ ಸ್ಪೋಕಿನ ತೂತುಗಳಿಂದ ಗಾಳಿ ಜಿನುಗುತ್ತದೆ. ಟೈರಿನ ಅಂಚು ರಿಮ್ಮಿನಲ್ಲಿ "ಢಬ್" ಎಂದು ಕೂರಲು ಒಮ್ಮೆಲೇ ರಭಸದ ಗಾಳಿ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಿಮ್ಮ ಸಣ್ಣ ವಾಲ್ವಿಗೆ ಹೊಂದದು, ಹಿತ್ತಾಳೆಯ ಅಡಾಪ್ಟರ್ ಜೊತೆಗಿರಬೇಕು. ನಮ್ಮ ಬೇಸಿಗೆಯಲ್ಲಿ ಸೀಲೆಂಟ್ ಎರಡು-ಮೂರು ತಿಂಗಳಲ್ಲಿ ಒಣಗಿ, ಆರಿದ ಹಾಲಿನ ಕೆನೆಯಂತೆ ಒಳಮೈಗೆ ಅಂಟಿಕೊಳ್ಳುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕುಲುಕುವ ಸದ್ದಿಲ್ಲದಿದ್ದರೆ ಒಣಗಿದೆ ಎಂದರ್ಥ.

ಜೀವಕ್ಕೆ ಸಂಬಂಧಿಸಿದ್ದು ಒಂದಿದೆ. ಈಚಿನ ಕೆಲವು ರಿಮ್ಮುಗಳಿಗೆ ಟೈರನ್ನು ಹಿಡಿದುಕೊಳ್ಳುವ ಒಳಗೊಕ್ಕೆ ಇರುವುದಿಲ್ಲ, ಹುಕ್‌ಲೆಸ್ ಎನ್ನುತ್ತಾರೆ. ಅವಕ್ಕೆ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಿ ಗಾಳಿ ಹೊಡೆಯುವಂತಿಲ್ಲ. ರಿಮ್ ಮಾಡಿದವರು ಒಪ್ಪಿದ ಟ್ಯೂಬ್‌ಲೆಸ್ ಟೈರನ್ನಷ್ಟೇ ಹಾಕಬೇಕು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಇಂಥ ರಿಮ್ಮಿನಿಂದ ಕಳಚಿ ಬಂದಿತ್ತು. ಸವಾರರ ನಡುವೆ ದೊಡ್ಡ ವಾಗ್ವಾದವೇ ಎದ್ದಿತು. ನಿಮ್ಮ ರಿಮ್ ಯಾವ ಜಾತಿಯದು ಎಂದು ಅಂಗಡಿಯವರು ಹೇಳುವುದನ್ನು ಕೇಳಿ, ರಿಮ್ಮಿನ ಮೇಲೆ ಅಂಟಿಸಿದ ಚೀಟಿಯನ್ನೂ ಓದಿ.

ಯಾರ ಮಾತು ಕೇಳಲಿ ಎಂದಿರಿ. ವಾರಕ್ಕೊಮ್ಮೆ ಓಡಿ ಆರು ದಿನ ಗೋಡೆಗೊರಗಿ ನಿಲ್ಲುವ ಸೈಕಲ್ಲಿಗೆ, ತಿಂಗಳಿಗೆ ಒಂದು ಪಂಕ್ಚರೂ ಆಗದಿದ್ದರೆ, ಟ್ಯೂಬ್‌ಲೆಸ್ ಬೇಡ ಎಂದೇ ನನ್ನ ಅಭಿಪ್ರಾಯ. ಆ ದುಡ್ಡಿಗೆ ಒಳ್ಳೆಯ ಟೈರು, ಲೇಟೆಕ್ಸ್ ಟ್ಯೂಬು ಕೊಂಡುಕೊಳ್ಳಿ, ಗಾಳಿ ಇಳಿಸಿ. ಅಂಗಡಿಯವರು ಹೇಳಿದ ವ್ಯಾಟುಗಳ ದೊಡ್ಡ ಪಾಲು ಅಷ್ಟಕ್ಕೇ ಸಿಗುತ್ತದೆ. ತಿಂಗಳಿಗೆ ಎರಡು ಮೂರು ಸಲ ರಸ್ತೆ ಬದಿ ಕೂತು ಟ್ಯೂಬ್ ಬದಲಿಸುವ ಪಾಡು ನಿಮ್ಮದಾಗಿದ್ದರೆ ಮಾತು ಬೇರೆ. ಆಗ ಹಾಕಿಸಿ, ಸೀಲೆಂಟ್ ತುಂಬಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಾನಂತೂ ಹಿಂದಿನ ಚಕ್ರಕ್ಕೆ ಮಾತ್ರ ಟ್ಯೂಬ್‌ಲೆಸ್ ಇಟ್ಟುಕೊಂಡಿದ್ದೇನೆ, ನನ್ನ ಮುಳ್ಳು-ತಂತಿಗಳೆಲ್ಲ ಅಲ್ಲೇ ಚುಚ್ಚುವುದು. ಮುಂದಿನದರಲ್ಲಿ ಇನ್ನೂ ಟ್ಯೂಬೇ ಇದೆ. ನೋಡಿದವರು ನಗುತ್ತಾರೆ.

ಸೀಮೆಸುಣ್ಣದ ಪರೀಕ್ಷೆ ಮಾಡಿದರೆ ಗುರುತುಗಳ ನಡುವಿನ ಅಂತರವನ್ನು ಬರೆದು ಕಳಿಸಿ. ಆವತ್ತು ಟೈರಿನಲ್ಲಿ ಎಷ್ಟು ಗಾಳಿ ಇತ್ತು, ಎಷ್ಟು ಗಂಟೆಗೆ ಮಾಡಿದಿರಿ ಎಂಬುದೂ ಅದರಲ್ಲಿರಲಿ.